ನುಸಿಗೆ ಹೆಸರಿತ್ತು, ನಮ್ಮ ತೋಟದ ಜೇಡಗಳಿಗೆ?

ಹುಳಿಯಾರು ಕಡೆಯವರಿಗೆ ನುಸಿ ಅಂದ್ರೆ ಏನು ಅಂತ ಹೇಳಬೇಕಿಲ್ಲ. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ನಮ್ಮ ತೋಟದ ಎಳೆಗಾಯಿಗಳ ತೊಟ್ಟಿನ ಕೆಳಗೆ ಬಿಳಿಚಿಕೊಂಡ ತ್ರಿಕೋನದಂಥ ಮಚ್ಚೆ ಕಾಣಿಸ್ತು. ಆಮೇಲೆ ಅದು ಕಂದಾಯ್ತು, ಬಿರುಕು ಬಿಡ್ತು, ಕಾಯಿ ಸೊಟ್ಟಗಾಗಿ ಬೆಳೆಯೋದನ್ನೇ ನಿಲ್ಲಿಸ್ತು. ಇಂಥ ಕಾಯಿಯ ಸಿಪ್ಪೆ ಬಿಡಿಸೋದೂ ಕಷ್ಟ, ಸುಲಿಯೋರು ಕೂಲಿ ಜಾಸ್ತಿ ಕೇಳಿದ್ರು. ವರ್ಷ ಕಾದು ಅಟ್ಟದಿಂದ ಇಳಿಸಿದ ಕೊಬ್ಬರಿ ಗಿಟುಕು ನೋಡಿ ಅಪ್ಪ ಏನೂ ಮಾತಾಡಲಿಲ್ಲ.

ಮುಂದಿನದು ರಾಜ್ಯದ ರಾಜಕೀಯ ಚರಿತ್ರೆ. ನುಸಿಯಿಂದ ಇಳುವರಿ ಬಿದ್ದುಹೋಗಿದೆ, ಕಾಯಿ ಬದಲು ನೀರಾ ಇಳಿಸೋಕಾದ್ರೂ ಬಿಡಿ ಅಂತ ತೆಂಗು ಬೆಳೆಗಾರರು ಬೀದಿಗಿಳಿದರು. 2001ರಲ್ಲಿ ಚನ್ನಪಟ್ಟಣ ತಾಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಗಿ ಇಬ್ಬರು ರೈತರು ಸತ್ತರು. ಈ ಸರಪಳಿಯ ಮೊದಲ ಕೊಂಡಿ ಒಂದು ಮಿಲಿಮೀಟರಿನ ಕಾಲು ಭಾಗದಷ್ಟೂ ಉದ್ದವಿಲ್ಲದ ಒಂದು ಜೀವಿ.

ಆ ಜೀವಿ ಕೀಟ ಅಲ್ಲ. ಜೇಡ, ಚೇಳು, ದನದ ಮೈಮೇಲಿನ ಉಣ್ಣೆ ಇವೆಲ್ಲ ಇರುವ ಅರಾಕ್ನಿಡಾ ವರ್ಗಕ್ಕೆ ಸೇರಿದ್ದು. ಕೀಟಕ್ಕೆ ಆರು ಕಾಲು, ಈ ಬಳಗಕ್ಕೆ ಎಂಟು ಅಂತ ಸ್ಕೂಲಲ್ಲಿ ಓದಿರ್ತೀವಿ. ತೆಂಗಿನ ನುಸಿಗೆ ಮಾತ್ರ ನಾಲ್ಕೇ ಕಾಲು, ಮೈ ಹುಳದ ಹಾಗೆ ಉದ್ದ. ತೊಟ್ಟಿನ ಕೆಳಗಿನ ಮೆತ್ತಗಿನ ಭಾಗದಲ್ಲಿ ಕೂತು ರಸ ಹೀರುತ್ತೆ, ಗಾಳಿಯಲ್ಲಿ ತೇಲಿ ಇನ್ನೊಂದು ಮರಕ್ಕೆ ಹೋಗುತ್ತೆ. ಸಿಂಪಡಿಸಿದ ಔಷಧಿ ಅದಕ್ಕೆ ಸುಲಭಕ್ಕೆ ತಾಗೋದಿಲ್ಲ ಅಂತಲೇ ಬೇರಿನ ಮೂಲಕ ಮೊನೊಕ್ರೊಟೊಫಾಸ್ ಉಣಿಸಿ ಅಂತ ಆಗ ಹೇಳ್ತಿದ್ದರು.

ಇಂಥದ್ದು ದಿಢೀರನೆ ತೋಟಕ್ಕೆ ಬಂದಾಗ ಮೊದಲು ಬೇಕಾಗಿರೋದು ಔಷಧಿ ಅಲ್ಲ, ಗುರುತು. ಇದು ಹೊಸದಾ, ಹಳೇದಾ? ಎಲ್ಲಿಂದ ಬಂತು? ಅಲ್ಲಿ ಇದನ್ನು ತಿನ್ನೋರು ಯಾರು? 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಈ ಪೀಡೆ ಕಾಣಿಸಿಕೊಂಡಾಗ ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಒಂದು ದಾರಿ ಇತ್ತು. ಯಾಕಂದ್ರೆ 33 ವರ್ಷ ಹಿಂದೆಯೇ, 1965ರಲ್ಲಿ, ಮೆಕ್ಸಿಕೋದ ಗೆರೆರೊ ರಾಜ್ಯದ ಮಾದರಿಗಳನ್ನು ನೋಡಿ ಕೈಫರ್ ಎಂಬ ಅಮೆರಿಕದ ವಿಜ್ಞಾನಿ ಅದನ್ನು ವಿವರಿಸಿ ಹೆಸರಿಟ್ಟಿದ್ದರು. ಇವತ್ತಿಗೂ ಅದು ಅಸೇರಿಯಾ ಗೆರೆರೋನಿಸ್. ನಮ್ಮಲ್ಲೂ ಓದು ನಡೆದಿತ್ತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿ.ಪಿ. ಚನ್ನಬಸವಣ್ಣ 1966ರಲ್ಲೇ ಭಾರತದ ಎರಿಯೋಫಿಡ್ ನುಸಿಗಳ ಬಗ್ಗೆ ಗ್ರಂಥ ತಂದಿದ್ದರು. ಆ ಹೊತ್ತಿಗೆ ಯಾರಾದ್ರೂ 'ಇದರಿಂದ ರೈತರಿಗೇನು ಲಾಭ' ಅಂತ ಕೇಳಿದ್ದಿದ್ರೆ, ಅವರಿಗೂ ಉತ್ತರ ಹೇಳೋದು ಕಷ್ಟವಾಗ್ತಿತ್ತೇನೋ.

ಇನ್ನೊಂದು ವಿಷಯ: ಈ ನುಸಿಯನ್ನು ಹಿಡಿದು ತಿನ್ನೋದೂ ನುಸಿಗಳೇ. ಅದೇ ತೊಟ್ಟಿನ ಸಂದಿಗೆ ನುಗ್ಗಬಲ್ಲ ನಿಯೋಸೀಯುಲಸ್ ಬರಾಕಿ ಎಂಬ ಪರಭಕ್ಷಕ ನುಸಿ ತೆಂಗಿನ ಕಾಯಿಗಳಲ್ಲಿ ಸಿಕ್ಕಿದೆ. ಒಂದೇ ಸಂದಿಯಲ್ಲಿ ಕಳ್ಳನೂ ಪೊಲೀಸೂ ಇದ್ದಾರೆ, ಬರಿಗಣ್ಣಿಗೆ ಇಬ್ಬರೂ ಧೂಳು. ಯಾವುದು ಯಾವುದು ಅಂತ ಗೊತ್ತಿಲ್ಲದೆ ವಿಷ ಸುರಿದ್ರೆ ಇಬ್ಬರೂ ಸಾಯಬಹುದು.

ಸರಿ, ನುಸಿಯ ಕಥೆ ಆಯ್ತು. ಜೇಡಗಳದ್ದು?

ನಮ್ಮಲ್ಲಿ ಜೀವವೈವಿಧ್ಯ ಅಂದ ತಕ್ಷಣ ಎಲ್ಲರೂ ಪಶ್ಚಿಮ ಘಟ್ಟದ ಬಸ್ ಹತ್ತುತ್ತಾರೆ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಅಂದ್ರೆ ಕುರುಚಲು, ಕಲ್ಲು, ತೆಂಗಿನ ಸಾಲು, 'ಅಲ್ಲೇನಿದೆ?' ಅಂತ ಕೇಳೋರೇ ಹೆಚ್ಚು. ಅದಕ್ಕೆ 2024ರಲ್ಲಿ ಒಂದು ಉತ್ತರ ಬಂತು. ಕಿರಣ್ ಮರಾಠೆ, ವೇಯ್ನ್ ಮ್ಯಾಡಿಸನ್ ಮತ್ತು ಕೃಷ್ಣಮೇಘ್ ಕುಂಟೆ 'ಜೂಕೀಸ್' ಪತ್ರಿಕೆಯಲ್ಲಿ ನೆಗೆಯುವ ಜೇಡಗಳ ಹೊಸ ಕುಲವೊಂದನ್ನು ಪ್ರಕಟಿಸಿದರು. ಕುಲದ ಹೆಸರು ತೆಂಕಣ. ಹೌದು, ತೆಂಕಣ ಗಾಳಿಯ ತೆಂಕಣವೇ. ಬೇರೆ ಕುಲಗಳಲ್ಲಿ ಸೇರಿಕೊಂಡಿದ್ದ ಎರಡು ಪ್ರಭೇದಗಳನ್ನು ಇಲ್ಲಿಗೆ ತಂದರು (ಅದರಲ್ಲೊಂದು ಅರ್ಕಾವತಿ), ಕರ್ನಾಟಕದಲ್ಲಿ ಸಿಕ್ಕ ಹೊಸದೊಂದಕ್ಕೆ ಜಯಮಂಗಲಿ ಅಂತ ಹೆಸರಿಟ್ಟರು. ನನ್ನಂಥ ಇಂಜಿನಿಯರಿಂಗ್ ಓದಿದವರ ಭಾಷೆಯಲ್ಲಿ ಹೇಳೋದಾದ್ರೆ, ತಪ್ಪು ಫೋಲ್ಡರಿನಲ್ಲಿದ್ದ ಫೈಲುಗಳನ್ನು ಸರಿ ಫೋಲ್ಡರಿಗೆ ಹಾಕುವಾಗ ಇನ್ನೊಂದು ಹೊಸ ಫೈಲೂ ಸಿಕ್ತು. ಜಯಮಂಗಲಿ ನಮ್ಮ ತುಮಕೂರು ಜಿಲ್ಲೆಯದೇ ನದಿ, ದೇವರಾಯನದುರ್ಗದಲ್ಲಿ ಹುಟ್ಟೋದು. ಈ ಜೇಡಗಳ ವಾಸ ದಟ್ಟ ಕಾಡಲ್ಲ, ಒಣ ಪ್ರದೇಶದ ನೆಲ.

ಪಟ್ಟಿ ಮಾಡೋ ಕೆಲಸ ಹೇಗೆ ನಡೆಯುತ್ತೆ? ಪ್ಲಾಸ್ಟಿಕ್ ಲೋಟವನ್ನು ಬಾಯಿ ನೆಲಮಟ್ಟಕ್ಕೆ ಬರೋ ಹಾಗೆ ಹೂತಿಟ್ಟರೆ ಓಡಾಡೋ ಜೇಡಗಳು ಬೀಳುತ್ತವೆ. ಪೊದೆ ಕೆಳಗೆ ಬಿಳಿ ಬಟ್ಟೆ ಹಿಡಿದು ಕೋಲಲ್ಲಿ ಬಡಿದರೆ ಇನ್ನಷ್ಟು. ರಾತ್ರಿ ಟಾರ್ಚನ್ನು ಹಣೆ ಹತ್ತಿರ ಹಿಡಿದು ತೋಟದಲ್ಲಿ ನಡೆದ್ರೆ ತೋಳಜೇಡಗಳ ಕಣ್ಣು ಮಿಣುಕುತ್ತವೆ. ಇಷ್ಟು ಸುಲಭ. ಕಷ್ಟ ಆಮೇಲಿಂದು. ಬಣ್ಣ ನೋಡಿ ಪ್ರಭೇದ ಹೇಳೋಕೆ ಬಹಳ ಸಲ ಆಗಲ್ಲ. ಬಲಿತ ಜೇಡವನ್ನು ಆಲ್ಕೋಹಾಲಿನಲ್ಲಿಟ್ಟು ಮೈಕ್ರೋಸ್ಕೋಪಿನಡಿ ಅದರ ಜನನಾಂಗದ ರಚನೆ ನೋಡಬೇಕು, ಹಳೇ ಮಾದರಿಗಳಿಗೆ ಹೋಲಿಸಬೇಕು. ಹೊಸದಾದ್ರೆ ವಿವರಣೆ ಬರೆದು, ಮಾದರಿಯನ್ನು ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಸ್ವಿಟ್ಜರ್ಲೆಂಡಿನ ಬರ್ನ್ ಮ್ಯೂಸಿಯಂ ನಡೆಸುವ ವಿಶ್ವ ಜೇಡ ಪಟ್ಟಿ 2022ರ ಏಪ್ರಿಲ್‌ನಲ್ಲಿ 50,000 ದಾಟಿತು. ಭಾರತದ್ದು 2012ರ ಪಟ್ಟಿಯೊಂದರಲ್ಲಿ 1,686. ಇದಕ್ಕೆ ವರ್ಷಗಟ್ಟಲೆ ಕೂತು ಕಲಿತ ಜನ ಬೇಕು, ಅವರಿಗೆ ಸಂಬಳ ಬೇಕು. ಹುಲಿ ಗಣತಿಗೆ ಸಿಗೋ ಗಮನ, ದುಡ್ಡು ಇದಕ್ಕೆ ಸಿಗಲ್ಲ ಅನ್ನೋದು ನನ್ನ ತಕರಾರು.

ಕಾನೂನೇನೋ ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೀಬೇಕು. ಇದನ್ನು ಮುಗಿಸಲು ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಅಂತ ಹೇಳಿತ್ತು. ದಂಡದ ಭಯಕ್ಕೆ ಬರೆಸಿದ ದಾಖಲೆ ಹೇಗಿರುತ್ತೆ ಅನ್ನೋದನ್ನು ಪಂಚಾಯಿತಿ ಕಚೇರಿಗಳಿಗೆ ಅಲೆದವರು ಊಹಿಸಬಹುದು.

ಊಹೆ ಯಾಕೆ, ನೋಡೇಬಿಡಿ. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ನಿಮ್ಮ ಪಂಚಾಯಿತಿಯ ದಾಖಲಾತಿಯ ಪ್ರತಿ ಕೇಳಿ. ಅದರಲ್ಲಿ ಜೇಡ, ಚೇಳು, ನುಸಿಗಳಿಗೆ ಎಷ್ಟು ಸಾಲು ಕೊಟ್ಟಿದ್ದಾರೆ ಅಂತ ಎಣಿಸಿ. ಸಾಲೇ ಇಲ್ಲದಿದ್ರೆ, ಸಮಿತಿಯ ಮುಂದಿನ ಸಭೆ ಯಾವತ್ತು ಅಂತ ಅದೇ ಅರ್ಜಿಯಲ್ಲಿ ಕೇಳಬಹುದು.