ಕರುಳಿನ ದಾರಿ ಬದಲು, ಹೃದಯಕ್ಕೆ ರಕ್ಷೆ

ಹೃದಯ ಕಾಪಾಡಲು ಕರುಳಿಗೆ ಶಸ್ತ್ರಚಿಕಿತ್ಸೆಯೇ? ಗುಟ್ಟು ಪಿತ್ತಾಮ್ಲದಲ್ಲಿದೆ. ಯಕೃತ್ತು ಅದನ್ನು ತಯಾರಿಸುವುದು ಕೊಲೆಸ್ಟರಾಲ್‌ನಿಂದ. ಕೊಬ್ಬು ಜೀರ್ಣವಾಗಲು ನೆರವಾದ ಬಳಿಕ ಪಿತ್ತಾಮ್ಲದ ಬಹುಪಾಲನ್ನು ಸಣ್ಣ ಕರುಳಿನ ಕೊನೆಯ ಭಾಗ ಹೀರಿ ಯಕೃತ್ತಿಗೆ ಮರಳಿಸುತ್ತದೆ.

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಡಾ. ಹೆನ್ರಿ ಬುಕ್ವಾಲ್ಡ್ 1963ರಲ್ಲಿ ಆಹಾರ ಈ ಭಾಗಕ್ಕೆ ಹೋಗದಂತೆ ಕರುಳನ್ನು ಜೋಡಿಸಿದರು. ಪಿತ್ತಾಮ್ಲ ಮಲದೊಡನೆ ಹೊರಹೋಗತೊಡಗಿತು. ನಷ್ಟ ತುಂಬಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನೇ ಸೆಳೆದುಕೊಂಡಿತು.

ಒಮ್ಮೆ ಹೃದಯಾಘಾತವಾಗಿದ್ದ 838 ಮಂದಿಯ ಅಧ್ಯಯನದ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯಾದವರಲ್ಲಿ ಕೆಟ್ಟ ಕೊಲೆಸ್ಟರಾಲ್ ಶೇ. 38ರಷ್ಟು ಕಡಿಮೆಯಿತ್ತು; ಹೃದ್ರೋಗದ ಸಾವು, ಮತ್ತೊಮ್ಮೆ ಆಘಾತ ಎರಡೂ ಸೇರಿ ಶೇ. 35ರಷ್ಟು ಇಳಿದಿದ್ದವು. ಭೇದಿಯ ಕಾಟ, ಬಿ-12 ಚುಚ್ಚುಮದ್ದು ಮಾತ್ರ ತಪ್ಪಲಿಲ್ಲ.

ಇಂದು ಸ್ಟ್ಯಾಟಿನ್ ಮಾತ್ರೆಗಳಿರುವುದರಿಂದ ಈ ಶಸ್ತ್ರಚಿಕಿತ್ಸೆ ಅಪರೂಪ. ಆದರೆ ಕೊಲೆಸ್ಟರಾಲ್ ಇಳಿದರೆ ಹೃದಯಕ್ಕೆ ಒಳಿತು ಎಂಬುದಕ್ಕೆ ಅದು ಕೊಟ್ಟ ಸಾಕ್ಷ್ಯ ಹಾಗೆಯೇ ಉಳಿದಿದೆ.