‘ರೀಜೆಂಟ್’ ಎಂಬ ಶಬ್ದದ ಅರ್ಥವಿಚಾರ

1902ನೆಯ ಇಸವಿ ಆಗಸ್ಟ್ 8ನೆಯ ದಿನ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರವನ್ನು ಒಪ್ಪಿಸುವ ಸಮಾರಂಭವು ಜರುಗಿತು. ಅಧಿಕಾರವನ್ನು ಒಪ್ಪಿಸಲು ಬಂದವನು ಲಾರ್ಡ್ ಕರ್ಜನ್. 1895ರಿಂದ ಅಲ್ಲಿಯ ವರೆಗೆ ರಾಜ್ಯಭಾರವನ್ನು ವಹಿಸಿದ್ದವರು ಒಡೆಯರ ತಾಯಿಯವರಾದ ವಾಣೀವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಇಂಗ್ಲಿಷಿನಲ್ಲಿ ಕರ್ಜನನು ‘ವೈಸರಾಯ್’, ಮಹಾರಾಣಿಯವರು ‘ರೀಜೆಂಟ್’. ಕನ್ನಡದಲ್ಲಾದರೋ ಈ ಇಬ್ಬರನ್ನೂ ‘ರಾಜಪ್ರತಿನಿಧಿ’ ಎಂದು ಬರೆಯುವ ರೂಢಿಯು ಬಿದ್ದಿದೆ. ಆ ರೂಢಿಯ ಮೇರೆಗೆ ಬರೆದರೆ, ಒಬ್ಬ ರಾಜಪ್ರತಿನಿಧಿಯು ಇನ್ನೊಬ್ಬ ರಾಜಪ್ರತಿನಿಧಿಯ ಕೈಯಿಂದ ರಾಜ್ಯವನ್ನು ಬಿಡಿಸಿ ರಾಜನಿಗೆ ಕೊಟ್ಟನೆಂದಾಗುತ್ತದೆ. ಇದರಿಂದ ವಿದ್ಯಾರ್ಥಿಗೆ ಏನು ತಿಳಿದೀತು? ಚಾಂದಬೀಬಿ, ಬಿಜಾಪುರದ ದಿಲಾವರಖಾನ, ಕೆಳದಿಯ ಚೆನ್ನಮ್ಮಾಜಿ, ದಿವಾನ್ ಪೂರ್ಣಯ್ಯ ಮೊದಲಾದವರಿಗೂ ಇದೇ ಹೆಸರು ಅಲ್ಲಲ್ಲಿ ಅಂಟಿಕೊಂಡಿದೆ. ಈ ಎಲ್ಲ ಪ್ರಯೋಗಗಳ ಹಿಂದೆ ಇರುವದು ಒಂದೇ ಇಂಗ್ಲಿಷ್ ಶಬ್ದ. ಆದುದರಿಂದ ಅದರ ಮೂಲವನ್ನೂ ಅರ್ಥಪರಿಣಾಮವನ್ನೂ ಇಲ್ಲಿ ವಿಚಾರಿಸುತ್ತೇನೆ.

‘ರೀಜೆಂಟ್’ ಎಂಬದು ಲ್ಯಾಟಿನ್ ಭಾಷೆಯ ‘ರೆಗೆರೆ’ ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ನೆಟ್ಟಗೆ ನಡೆಯಿಸು, ದಾರಿಗೆ ಹಚ್ಚು ಎಂಬದು ಆ ಕ್ರಿಯಾಪದದ ಮೊದಲಿನ ಅರ್ಥ. ಆಳು ಎಂಬದು ಅದರಿಂದ ಬೆಳೆದ ಅರ್ಥ. ‘ರೆಗೆನ್ಸ್’ ಎಂಬ ರೂಪವು ನಮ್ಮ ಶತೃಪ್ರತ್ಯಯಾಂತಕ್ಕೆ ಸಮಾನವಾದುದರಿಂದ, ‘ಆಳುತ್ತಿರುವವನು’ ಎಂಬಷ್ಟೇ ಅದರ ಯೌಗಿಕಾರ್ಥ. ಬೇರೊಬ್ಬನ ಪರವಾಗಿ ಆಳುವನೆಂಬ ಸೂಚನೆಯು ಅದರಲ್ಲಿ ಎಳ್ಳಷ್ಟೂ ಇಲ್ಲ. ಇದೇ ಕುಲದ ‘ರೆಗುಲ’ ಎಂದರೆ ನೆಟ್ಟನೆಯ ಕೋಲು. ಇಂಗ್ಲಿಷಿನ ‘ರೂಲರ್’ ಶಬ್ದವು ಅರಸನಿಗೂ ಶಾಲೆಯ ಹುಡುಗನು ಗೆರೆ ಎಳೆಯುವ ಪಟ್ಟಿಗೂ ಸಲ್ಲುವದು ಈ ಕಾರಣದಿಂದಲೇ.

ಈ ಲ್ಯಾಟಿನ್ ಧಾತುವಿಗೂ ಸಂಸ್ಕೃತದ ‘ಋಜು’ ಶಬ್ದಕ್ಕೂ ಮೂಲವೊಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ‘ರಾಜನ್’ ಶಬ್ದವನ್ನೂ ಲ್ಯಾಟಿನಿನ ‘ರೆಕ್ಸ್’ ಶಬ್ದದೊಡನೆ ಅದೇ ಮೂಲಕ್ಕೆ ಸೇರಿಸುವವರು ಬಹುಮಂದಿ. ನಮ್ಮ ವೈಯಾಕರಣರ ದಾರಿ ಬೇರೆ. ಧಾತುಪಾಠದಲ್ಲಿ ‘ರಾಜ್’ ಧಾತುವಿಗೆ ದೀಪ್ತಿಯೆಂಬ ಅರ್ಥವಿದೆ. ಮಹಾಭಾರತದ ಶಾಂತಿಪರ್ವದಲ್ಲಿಯೂ ರಘುವಂಶದ ನಾಲ್ಕನೆಯ ಸರ್ಗದಲ್ಲಿಯೂ ಪ್ರಜೆಗಳನ್ನು ರಂಜಿಸುವದರಿಂದ ರಾಜನೆಂಬ ನಿರ್ವಚನವು ಬರುತ್ತದೆ. ಈ ಕೊನೆಯದು ವ್ಯಾಕರಣಕ್ಕೆ ಒಗ್ಗುವಂಥದಲ್ಲ. ಆದರೆ ಶಬ್ದದ ಚರಿತ್ರೆಯನ್ನು ತಿಳಿಯಬೇಕೆನ್ನುವವನು ಇಂಥ ನಿರ್ವಚನಗಳನ್ನು ತಳ್ಳಿಬಿಡಲಾಗದು: ಶಬ್ದವು ಎಲ್ಲಿಂದ ಬಂದಿತೆಂಬದನ್ನು ಅವು ಹೇಳದಿದ್ದರೂ ಜನರು ಅದರಿಂದ ಏನನ್ನು ಬಯಸಿದರೆಂಬದನ್ನು ಹೇಳುತ್ತವೆ.

ಇಂಗ್ಲಿಷಿಗೆ ಈ ಶಬ್ದವು ಫ್ರೆಂಚ್ ಮತ್ತು ಲ್ಯಾಟಿನ್ ಭಾಷೆಗಳ ದಾರಿಯಿಂದ 14ನೆಯ ಶತಮಾನದ ಕೊನೆಯ ಸುಮಾರಿಗೆ ಬಂದಿತು. ‘ಆಳುವವನು’ ಎಂಬ ಅಗಲವಾದ ಅರ್ಥವು ಅಲ್ಲಿ ಬಹುಕಾಲ ಉಳಿದಿತ್ತು. ಮಿಲ್ಟನ್ ಕವಿಯು 1667ರಲ್ಲಿ ಪ್ರಕಟವಾದ ತನ್ನ ಮಹಾಕಾವ್ಯದಲ್ಲಿ ಯೂರಿಯಲ್ ಎಂಬ ದೇವದೂತನನ್ನು ಸೂರ್ಯಮಂಡಲದ ರೀಜೆಂಟನೆಂದು ಕರೆದಿದ್ದಾನೆ. ಸಂಸ್ಕೃತವನ್ನು ಕಲಿತ ಆಂಗ್ಲ ಪಂಡಿತರು ನಮ್ಮ ಲೋಕಪಾಲರಿಗೆ ಇದೇ ಶಬ್ದವನ್ನು ಆರಿಸಿಕೊಂಡರು. ಮೋನಿಯರ್ ವಿಲಿಯಮ್ಸನ ಕೋಶದಲ್ಲಿ ಇಂದಿಗೂ ಅದನ್ನು ಕಾಣಬಹುದು. ವರುಣನು ಪಶ್ಚಿಮದಿಕ್ಕಿನ ರೀಜೆಂಟನೆಂದರೆ ಪಶ್ಚಿಮದಿಕ್ಕಿಗೆ ಒಬ್ಬ ಬಾಲರಾಜನಿದ್ದಾನೆಂದು ಅರ್ಥವಲ್ಲ. ಅಲ್ಲಿ ಶಬ್ದವು ತನ್ನ ಹಳೆಯ ಅರ್ಥದಲ್ಲಿಯೇ ನಿಂತಿದೆ.

ಯುರೋಪದ ವಿದ್ಯಾಪೀಠಗಳಲ್ಲಿ ಇದಕ್ಕೆ ಇನ್ನೊಂದು ಅರ್ಥವಿತ್ತು. ಅಧ್ಯಾಪಕರಾದ ವಾಚಕರಿಗೆ ಅದು ರುಚಿಸೀತು. ಪ್ಯಾರಿಸ್, ಆಕ್ಸ್‌ಫರ್ಡ್ ಮೊದಲಾದೆಡೆ ಪದವಿಯನ್ನು ಪಡೆದು ಪಾಠ ಹೇಳುತ್ತಿರುವವನು ‘ರೀಜೆಂಟ್’. ಪದವಿಯಿದ್ದೂ ಪಾಠವನ್ನು ಬಿಟ್ಟವನು ‘ರೀಜೆಂಟನಲ್ಲದವನು’. ಕೇಂಬ್ರಿಜ್ ವಿದ್ಯಾಪೀಠದ ಆಡಳಿತಸಭೆಗೆ ಈಗಲೂ ‘ರೀಜೆಂಟ್ ಹೌಸ್’ ಎಂಬ ಹೆಸರೇ ಇದೆ. ಅಮೇರಿಕದ ನ್ಯೂಯಾರ್ಕಿನಲ್ಲಿ 1784ರಲ್ಲಿ ಸ್ಥಾಪಿತವಾದ ವಿದ್ಯಾಮಂಡಲದ ಸದಸ್ಯರಿಗೂ ಅದೇ ಬಿರುದು.

ರಾಜ್ಯವ್ಯವಹಾರದಲ್ಲಿ ಮಾತ್ರ ಅರ್ಥವು ಬಿಗಿಯಾಗುತ್ತ ಹೋಯಿತು. ಅರಸನು ಬಾಲಕನಾಗಿದ್ದಾಗ, ದೂರದೇಶದಲ್ಲಿದ್ದಾಗ, ಅಥವಾ ಬುದ್ಧಿಭ್ರಮಣೆಗೆ ಒಳಗಾಗಿದ್ದಾಗ ಅವನ ಅಧಿಕಾರವನ್ನು ನಡೆಯಿಸುವವನೇ ರೀಜೆಂಟನೆಂದಾಯಿತು. 1422ರಲ್ಲಿ ಐದನೆಯ ಹೆನ್ರಿಯು ತೀರಿಕೊಂಡಾಗ ಅವನ ಮಗನು ಇನ್ನೂ ಒಂದು ವರ್ಷ ತುಂಬದ ಕೂಸು. ಹೆನ್ರಿಯ ತಮ್ಮನಾದ ಗ್ಲಾಸ್ಟರ್ ಎಂಬವನು ಇಂಗ್ಲಂಡದಲ್ಲಿ ತನಗೆ ರೀಜೆಂಟನ ಪದವಿಯು ಬೇಕೆಂದು ಕೇಳಿದನು. ಸರದಾರರು ಅದನ್ನು ಕೊಡಲಿಲ್ಲ; ‘ರಕ್ಷಕ’ ಎಂಬ ಹೆಸರನ್ನಷ್ಟೇ ಕೊಟ್ಟರು. ಫ್ರಾನ್ಸಿನಲ್ಲಿ ಆಳುತ್ತಿದ್ದ ಇನ್ನೊಬ್ಬ ತಮ್ಮ ಬೆಡ್‌ಫರ್ಡನಿಗೆ ಮಾತ್ರ ರೀಜೆಂಟನೆಂಬ ಹೆಸರು ಸಂದಿತು. ಶಬ್ದವನ್ನು ಒಪ್ಪಿದರೆ ಅಧಿಕಾರವನ್ನೇ ಒಪ್ಪಿದಂತಾಗುವದೆಂದು ಆ ಸರದಾರರು ಅರಿತಿದ್ದರು. ಮುಂದೆ ಮೂರನೆಯ ಜಾರ್ಜನ ಚಿತ್ತವಿಕಾರದ ನಿಮಿತ್ತ 1811ರಿಂದ 1820ರ ವರೆಗೆ ಯುವರಾಜನು ರೀಜೆಂಟನಾಗಿ ಆಳಿದನು. ಆ ಮೇಲೆ ಈ ಶಬ್ದವು ಉಡುಗೆತೊಡುಗೆ, ಕಟ್ಟಡ, ಲಂಡನ್ನಿನ ಒಂದು ಬೀದಿ ಮೊದಲಾದವುಗಳಿಗೂ ಹೆಸರಾಗಿ ಹರಡಿತು; ಅದರ ವಿಸ್ತರವು ನಮಗೆ ಬೇಡ.

ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ವೈಸರಾಯನನ್ನು ಅರಸನು ತಾನೇ ಕಳಿಸುತ್ತಾನೆ, ತಾನೇ ಹಿಂದಕ್ಕೆ ಕರೆಯುತ್ತಾನೆ. ಬಾಲರಾಜನ ರೀಜೆಂಟನನ್ನಾದರೋ ಆ ಅರಸನು ಕಳಿಸುವದಿಲ್ಲ. ಕಳಿಸಲು ಶಕ್ತನಲ್ಲವಾದ್ದರಿಂದಲೇ ರೀಜೆಂಟನು ಬೇಕಾಗುತ್ತಾನೆ. ಪ್ರತಿನಿಧಿಗೆ ಅಧಿಕಾರವು ತನ್ನನ್ನು ಕಳಿಸಿದವನಿಂದ ಬರುತ್ತದೆ. ರೀಜೆಂಟನಿಗೆ ಅದು ತಾನು ಯಾರ ಹೆಸರಿನಲ್ಲಿ ಆಳುವನೋ ಅವನನ್ನು ಬಿಟ್ಟು ಬೇರೆಲ್ಲಿಂದಲೋ ಬರುತ್ತದೆ. ಎರಡಕ್ಕೂ ‘ರಾಜಪ್ರತಿನಿಧಿ’ ಎನ್ನುವದು ಈ ಭೇದವನ್ನು ಅಳಿಸಿಬಿಡುತ್ತದೆ.

ಮೀಮಾಂಸಾಶಾಸ್ತ್ರವನ್ನು ಓದಿದವರಿಗೆ ಇದು ಹೊಸದೇನೂ ಅಲ್ಲ. ಜೈಮಿನಿಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಪ್ರತಿನಿಧಿಯ ವಿಚಾರವಿದೆ. ವಿಹಿತವಾದ ದ್ರವ್ಯವು ದೊರೆಯದಿದ್ದರೆ ಅದರ ಸದೃಶವಾದ ಬೇರೊಂದನ್ನು ತರಬಹುದು. ಆದರೆ ದೇವತೆಗೂ ಮಂತ್ರಕ್ಕೂ ಪ್ರತಿನಿಧಿಯಿಲ್ಲದಂತೆ, ಸ್ವಾಮಿಗೆ, ಎಂದರೆ ಫಲವು ಯಾರಿಗೆ ಸೇರತಕ್ಕದ್ದೋ ಆ ಯಜಮಾನನಿಗೆ, ಪ್ರತಿನಿಧಿಯಿಲ್ಲ. ಇದಕ್ಕೆ ಅಪವಾದವು ಸತ್ರಯಾಗದಲ್ಲಿ. ಕನಿಷ್ಠ ಹದಿನೇಳು ಮಂದಿ ಯಜಮಾನರು ಕೂಡಿ ಮಾಡುವ ಆ ಯಾಗದಲ್ಲಿ ನಡುವೆ ಒಬ್ಬನು ಗತಿಸಿದರೆ ಸಂಖ್ಯೆಗೆ ಕೊರತೆ ಬಾರದಂತೆ ಇನ್ನೊಬ್ಬನನ್ನು ಕರೆತರಬೇಕು. ಹಾಗೆ ಬಂದವನು ಯಜಮಾನನ ವ್ರತನಿಯಮಗಳನ್ನೆಲ್ಲ ಪಾಲಿಸತಕ್ಕದ್ದು. ಆದರೂ ಅವನು ಸ್ವಾಮಿಯಲ್ಲ, ಫಲವು ಅವನದಲ್ಲ. ರೀಜೆಂಟನ ಸ್ಥಿತಿಗೆ ಇದಕ್ಕಿಂತ ಹತ್ತಿರದ ದೃಷ್ಟಾಂತವು ನನಗೆ ನಮ್ಮ ಶಾಸ್ತ್ರಗಳಲ್ಲಿ ಕಂಡಿಲ್ಲ.

ಸ್ಥಿತಿಯು ನಮ್ಮವರಿಗೆ ಪರಿಚಿತವೇ. ಅದಕ್ಕೆ ಒಂದೇ ಹೆಸರನ್ನು ಮಾತ್ರ ಅವರು ಇಡಲಿಲ್ಲ. ನಂದಿಗ್ರಾಮದ ಭರತನು ರಾಜ್ಯವನ್ನು ಅಣ್ಣನ ನ್ಯಾಸವೆಂದು ಕಾದನು. ವಿಚಿತ್ರವೀರ್ಯನ ಬಾಲ್ಯದಲ್ಲಿ ಭೀಷ್ಮನು ರಾಜ್ಯವನ್ನು ನೋಡಿಕೊಂಡನು. ಅರ್ಥಶಾಸ್ತ್ರವು ಈ ಪ್ರಸಂಗವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆ. 1909ರಲ್ಲಿ ಮೈಸೂರಿನ ಶಾಮಶಾಸ್ತ್ರಿಗಳು ಅದನ್ನು ಪ್ರಕಟಿಸಿದರೆಂಬದು ಕನ್ನಡಿಗರಿಗೆ ಅಭಿಮಾನದ ವಿಷಯ. ಅದರ ಐದನೆಯ ಅಧಿಕರಣದ ಕೊನೆಯ ಅಧ್ಯಾಯದಲ್ಲಿ, ಅರಸನು ಮರಣೋನ್ಮುಖನಾದಾಗ ಅಮಾತ್ಯನು ರಾಜ್ಯವನ್ನು ತಾನೇ ಕಿತ್ತುಕೊಳ್ಳಲಿ ಎಂಬದು ಭಾರದ್ವಾಜನ ಮತ. ಕೌಟಿಲ್ಯನು ಅದನ್ನು ಅಧರ್ಮವೆಂದು ನಿರಾಕರಿಸಿ, ರಾಜಕುಮಾರನನ್ನಾಗಲಿ, ರಾಜಕನ್ಯೆಯನ್ನಾಗಲಿ, ಗರ್ಭಿಣಿಯಾದ ರಾಣಿಯನ್ನಾಗಲಿ ಮುಂದಿಟ್ಟುಕೊಂಡು ರಾಜ್ಯವನ್ನು ಉಳಿಸಬೇಕೆನ್ನುತ್ತಾನೆ. ಹಾಗೆ ಮುಂದಿಟ್ಟ ವ್ಯಕ್ತಿಯು ಧ್ವಜಕ್ಕೆ ಸಮಾನವೆಂಬ ಮಾತೂ ಅಲ್ಲಿಯೇ ಇದೆ. ಧ್ವಜವು ಯುದ್ಧಮಾಡುವದಿಲ್ಲ, ಅದು ಬಿದ್ದರೆ ಮಾತ್ರ ಸೈನ್ಯವು ಚದರುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. ಈ ಧ್ವಜನೀತಿಯನ್ನು ಬಿಜಾಪುರದಷ್ಟು ಕಂಡ ರಾಜಧಾನಿಯು ಕರ್ನಾಟಕದಲ್ಲಿ ಇನ್ನೊಂದಿಲ್ಲ. 1580ರಲ್ಲಿ ಮೊದಲನೆಯ ಅಲಿ ಆದಿಲಶಹನು ಕೊಲೆಗೀಡಾದಾಗ ಅವನ ತಮ್ಮನ ಮಗನಾದ ಇಬ್ರಾಹಿಮನು ಸುಮಾರು ಒಂಬತ್ತು ವರ್ಷದ ಹುಡುಗ. ಅಲಿಯ ಪತ್ನಿ ಚಾಂದಬೀಬಿಯು ಹುಡುಗನ ಪೋಷಣೆಯನ್ನು ನೋಡಿಕೊಂಡಳು. ದರಬಾರಿನ ಅಧಿಕಾರವು ಮೊದಲು ಕಾಮಿಲಖಾನನ ಕೈಸೇರಿತು; ಅವನು ಉರುಳಿದ ಮೇಲೆ ಕಿಶ್ವರಖಾನನ ಕೈಗೆ. ಈ ಕಿಶ್ವರಖಾನನು ಚಾಂದಬೀಬಿಯನ್ನು ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟನು. ಅವನ ತರುವಾಯ ಇಖ್ಲಾಸಖಾನನು ಮೇಲೆ ಬಂದನು. ಅವನ ಕಣ್ಣು ಕೀಳಿಸಿ ದಿಲಾವರಖಾನನು 1582ರಿಂದ 1590ರ ವರೆಗೆ ಆಳಿದನು. ಇಂಗ್ಲಿಷ್ ಇತಿಹಾಸಕಾರರು ಸೆರೆಯಿಟ್ಟವನನ್ನೂ ರೀಜೆಂಟನೆನ್ನುತ್ತಾರೆ, ಸೆರೆಗೆ ಬಿದ್ದವಳನ್ನೂ ರೀಜೆಂಟಳೆನ್ನುತ್ತಾರೆ! ಪಾರಸಿ ಗ್ರಂಥಕಾರರ ಬಳಿಯಲ್ಲಿ ಹೀಗೆ ಕಲಸಿಬಿಡುವ ಶಬ್ದವಿರಲಿಲ್ಲ. ದಖ್ಖಣದ ಸುಲ್ತಾನರಲ್ಲಿ ಮುಖ್ಯಾಧಿಕಾರಿಗೆ ‘ವಕೀಲ’, ‘ಪೇಶ್ವಾ’ ಎಂಬ ಉದ್ಯೋಗದ ಹೆಸರುಗಳಿದ್ದವು. ಅರಮನೆಯ ಹಿರಿಯ ಸ್ತ್ರೀಗೆ ಇದ್ದದ್ದು ಉದ್ಯೋಗವಲ್ಲ. ಕುಲದ ಗೌರವ ಮತ್ತು ಸ್ವಂತ ಧೈರ್ಯ. 1595–96ರಲ್ಲಿ ಅಹಮದನಗರದ ಕೋಟೆಯನ್ನು ಮೊಗಲರಿಂದ ಕಾಯ್ದ ಚಾಂದಬೀಬಿಗೆ ಬಲವನ್ನು ಕೊಟ್ಟದ್ದೂ ಯಾವ ಉದ್ಯೋಗದ ಹೆಸರೂ ಅಲ್ಲ. 1672ರಲ್ಲಿ ಸಿಕಂದರನೆಂಬ ಕೂಸು ಪಟ್ಟಕ್ಕೆ ಬಂದಾಗ ಪುನಃ ಅದೇ ಕಥೆ: ಖವಾಸಖಾನ, ಬಹಲೋಲಖಾನ, ಸಿದ್ದಿ ಮಸೂದ. 1686ರಲ್ಲಿ ಔರಂಗಜೇಬನು ಧ್ವಜವನ್ನೂ ಅದನ್ನು ಹಿಡಿದವರನ್ನೂ ಕೂಡಿಯೇ ಕೆಡವಿದನು.

ಅದೇ ಕಾಲದಲ್ಲಿ ಕೆಳದಿಯಲ್ಲಿ ಸೋಮಶೇಖರನಾಯಕನ ಮರಣಾನಂತರ ಚೆನ್ನಮ್ಮಾಜಿಯು ತಾನೇ ಪಟ್ಟವೇರಿ ಕಾಲು ಶತಮಾನದಷ್ಟು ಆಳಿದಳು. ಬಸವಪ್ಪನನ್ನು ದತ್ತಕ ತೆಗೆದುಕೊಂಡಳು. ದತ್ತಪುತ್ರನಿದ್ದನೆಂಬಷ್ಟರಿಂದಲೇ ಆಕೆಯನ್ನು ರೀಜೆಂಟಳೆನ್ನುವದು ನನಗೆ ಸಮ್ಮತವಲ್ಲ. 1689ರಲ್ಲಿ ಔರಂಗಜೇಬನಿಗೆ ಬೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತವಳು ಯಾರ ಪರವಾಗಿಯೂ ಆ ನಿರ್ಣಯವನ್ನು ಕೈಕೊಂಡವಳಲ್ಲ. ಆಕೆ ಅರಸಿ; ಅಷ್ಟೇ.

ಕಿತ್ತೂರಿನ ಪ್ರಸಂಗದಲ್ಲಿ ಶಬ್ದದ ಹರಿತವು ಇನ್ನೂ ಸ್ಪಷ್ಟವಾಗುತ್ತದೆ. 1824ರ ಸೆಪ್ಟೆಂಬರದಲ್ಲಿ ಶಿವಲಿಂಗರುದ್ರ ಸರ್ಜನು ತೀರಿಕೊಂಡನು. ಅವನ ದತ್ತಪುತ್ರ ಶಿವಲಿಂಗಪ್ಪನ ಹೆಸರಿನಲ್ಲಿ ಸಂಸ್ಥಾನವನ್ನು ನಡೆಯಿಸಲು ಮಲತಾಯಿಯಾದ ಚೆನ್ನಮ್ಮನು ನಿಂತಳು. ಧಾರವಾಡದ ಕಲೆಕ್ಟರ್ ಥ್ಯಾಕರೆಯು ದತ್ತಕವನ್ನೇ ಮನ್ನಿಸಲಿಲ್ಲ. ದತ್ತಕವಿಲ್ಲವೆಂದ ಮೇಲೆ ಬಾಲರಾಜನಿಲ್ಲ. ಬಾಲರಾಜನಿಲ್ಲದಲ್ಲಿ ಅವನ ಹೆಸರಿನಿಂದ ಆಳುವ ಹಕ್ಕೂ ಇಲ್ಲ. ಮೈಸೂರಿನಲ್ಲಿ 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜರನ್ನು ಪಟ್ಟಕ್ಕೇರಿಸಿ ಪೂರ್ಣಯ್ಯನವರ ದಿವಾನಗಿರಿಯನ್ನು ಬೆಂಬಲಿಸಿದವರೂ, 1895ರಲ್ಲಿ ಮಹಾರಾಣಿಯವರನ್ನು ರೀಜೆಂಟರೆಂದು ಒಪ್ಪಿದವರೂ, ಕಿತ್ತೂರಿನಲ್ಲಿ ಒಪ್ಪದವರೂ ಒಂದೇ ಸರಕಾರದವರು. ಎಲ್ಲಿ ಬಾಲರಾಜನುಂಟು, ಎಲ್ಲಿ ಇಲ್ಲ ಎಂಬದನ್ನು ನಿಶ್ಚಯಿಸುವ ಹಕ್ಕನ್ನು ಅವರು ತಮ್ಮಲ್ಲಿಯೇ ಇಟ್ಟುಕೊಂಡಿದ್ದರು. ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಥ್ಯಾಕರೆಯು ಹತನಾದನು.

ಹಾಗಾದರೆ ಕನ್ನಡದಲ್ಲಿ ಏನೆಂದು ಬರೆಯಬೇಕು? ‘ರಾಜಪ್ರತಿನಿಧಿ’ಯ ದೋಷವನ್ನು ಮೇಲೆಯೇ ಹೇಳಿದ್ದೇನೆ. ಮರಾಠರಲ್ಲಿ ‘ಪ್ರತಿನಿಧಿ’ ಎಂಬ ಪದವಿಯೇ ಬೇರೆಯಿತ್ತು. ಕೆಳದಿಯಲ್ಲಿ ಆಶ್ರಯ ಪಡೆದು ಜಿಂಜಿಗೆ ಹೋದ ರಾಜಾರಾಮನೇ ಅದನ್ನು ನಿರ್ಮಿಸಿದವನು. ಆ ಬಿರುದಿನ ಔಂಧ ಸಂಸ್ಥಾನಿಕರಿಗೆ ವಿಜಯಪುರ ಜಿಲ್ಲೆಯ ಗುಣದಾಳವು 1948ರ ವರೆಗೆ ಸೇರಿತ್ತಾದ್ದರಿಂದ, ಈ ಜಿಲ್ಲೆಯವರಿಗೆ ಆ ಶಬ್ದದಿಂದ ಇಮ್ಮಡಿ ಗೊಂದಲ. ‘ರಾಜ್ಯಪಾಲ’ವು ಗವರ್ನರನಿಗೆ ಸಂದುಹೋಗಿದೆ. ‘ವಕೀಲ’ನನ್ನು ಇಂದು ಕೋರ್ಟಿನಲ್ಲಿ ಮಾತ್ರ ಕಾಣಬಹುದು. ಮೈಸೂರಿನ ಮಹಾರಾಣಿಯವರಿಗೆ ‘ರೀಜೆಂಟ್’ ಎಂಬುದನ್ನೇ ಉಳಿಸುವದು ಲೇಸು, ಅದು ಅವರ ಅಧಿಕೃತ ಬಿರುದಾದ್ದರಿಂದ. ಪೂರ್ಣಯ್ಯನವರು ದಿವಾನರು, ದಿಲಾವರಖಾನನು ಸುಲ್ತಾನನ ವಕೀಲನು, ಒಂದು ಸಾಲಿನ ವಿವರಣೆಯೊಡನೆ.

ಸಾಮಾನ್ಯವಾಚಕವಾದ ಒಂದು ಶಬ್ದವು ಬೇಕೇ ಆದರೆ ಅದನ್ನು ಹೊಸದಾಗಿ ಟಂಕಿಸಬೇಕಾಗಿಲ್ಲ. ನಮ್ಮ ಗೊಳಸಂಗಿಯ ಕಡೆಯ ಹೊಲದ ಉತಾರಗಳಲ್ಲಿ, ಭೂಮಿಯ ಒಡೆಯನು ಪ್ರಾಯಕ್ಕೆ ಬಾರದವನಾದರೆ, ಅವನ ಹೆಸರಿನ ಮುಂದೆ ‘ಅ. ಪಾ. ಕ.’ ಎಂದು ಬರೆದು ತಾಯಿಯ ಅಥವಾ ಕಾಕನ ಹೆಸರನ್ನು ಹಚ್ಚುವ ವಾಡಿಕೆಯುಂಟು. ಅಜ್ಞಾನ ಪಾಲನಕರ್ತ ಎಂಬದರ ಸಂಕ್ಷೇಪವದು. ಮರಾಠಿ ದಫ್ತರದಿಂದ ಬಂದದ್ದು. ಇಲ್ಲಿ ‘ಅಜ್ಞಾನ’ವೆಂದರೆ ವೇದಾಂತಿಗಳ ಅವಿದ್ಯೆಯಲ್ಲ, ಹದಿನೆಂಟು ತುಂಬದ ಹುಡುಗ. ಹೊಲವು ಹುಡುಗನದು, ಬಿತ್ತುವ ಬೆಳೆಯುವ ಹೊಣೆಯು ಪಾಲನಕರ್ತನದು, ಮಾರುವ ಅಧಿಕಾರವು ಅವನ ಸ್ವಂತ ಇಚ್ಛೆಗೆ ಬಿಟ್ಟದ್ದಲ್ಲ. ಎರಡು ಎಕರೆಗೆ ಸಲ್ಲುವ ಈ ಶಬ್ದವು ರಾಜ್ಯಕ್ಕೂ ಸಲ್ಲುತ್ತದೆ. ‘ರಾಜ್ಯಪಾಲನಕರ್ತ’ರೆಂದು ಬರೆದರೆ ನಮ್ಮ ರೈತನಿಗೂ ಅರ್ಥವಾದೀತು.