ಸುರೇಂದ್ರನಾಥ ಬ್ಯಾನರ್ಜಿಯವರೂ ‘ಬೆಂಗಾಲಿ’ ಪತ್ರಿಕೆಯೂ

ಭರತಖಂಡದ ರಾಜಕೀಯ ಚರಿತ್ರೆಯನ್ನು ಬರೆದವರಲ್ಲಿ ಅನೇಕರು ಸುರೇಂದ್ರನಾಥ ಬ್ಯಾನರ್ಜಿಯವರ ಜೀವಿತವನ್ನು ಎರಡು ತುಂಡುಗಳಾಗಿ ಕತ್ತರಿಸುವುದುಂಟು. ಮೊದಲನೆಯ ತುಂಡಿನಲ್ಲಿ ಅವರು ಅಧಿಕಾರವರ್ಗದ ನಿದ್ರೆಯನ್ನು ಕೆಡಿಸಿದ ವಾಗ್ಮಿ, ಪತ್ರಿಕೆಯ ಲೇಖನಕ್ಕಾಗಿ ಕಾರಾಗೃಹವನ್ನು ಕಂಡ ಸಂಪಾದಕ, ವಂಗದೇಶದ ‘ಕಿರೀಟವಿಲ್ಲದ ಅರಸು’. ಎರಡನೆಯದರಲ್ಲಿ ‘ಸರ್’ ಬಿರುದನ್ನು ಧರಿಸಿ, ಸರಕಾರದ ಮಂತ್ರಿಯಾಗಿ, ತಮ್ಮ ಜನರಿಂದಲೇ ಚುನಾವಣೆಯಲ್ಲಿ ತಿರಸ್ಕೃತರಾದ ವೃದ್ಧರು. ಮನುಷ್ಯನು ವಯಸ್ಸಾದಂತೆ ಬದಲಾದನೆಂದು ಹೇಳುವುದು ಸುಲಭ; ಸುರೇಂದ್ರನಾಥರ ವಿಷಯದಲ್ಲಿ ಅದು ನಿಜವಲ್ಲ. ನಾಲ್ವತ್ತು ವರ್ಷಗಳ ಕಾಲ ಅವರ ವಾಣಿಯಾಗಿದ್ದ ‘ಬೆಂಗಾಲಿ’ ಪತ್ರಿಕೆಯನ್ನು ಮುಂದಿಟ್ಟುಕೊಂಡು ಅವರ ಜೀವಿತವನ್ನು ನೋಡಿದರೆ, ಬದಲಾದುದು ಅವರಲ್ಲ, ಅವರ ವಾಚಕವರ್ಗವೆಂಬುದು ಗೋಚರವಾಗುತ್ತದೆ.

ಸುರೇಂದ್ರನಾಥರು 1848ನೆಯ ಇಸವಿ ನವಂಬರ್ 10ರಂದು ಕಲ್ಕತ್ತೆಯಲ್ಲಿ ಕುಲೀನ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದರು. ತಂದೆ ದುರ್ಗಾಚರಣರು ಪಾಶ್ಚಾತ್ಯ ವೈದ್ಯವನ್ನು ಕಲಿತ ಹೆಸರಾಂತ ವೈದ್ಯರು. 1868ರಲ್ಲಿ ಬಿ.ಎ. ಪದವಿಯನ್ನು ಪಡೆದು, ರಮೇಶಚಂದ್ರ ದತ್ತ, ಬಿಹಾರಿಲಾಲ ಗುಪ್ತ ಇವರೊಡನೆ ಸಿವಿಲ್ ಸರ್ವಿಸ್ ಪರೀಕ್ಷೆಗಾಗಿ ಇಂಗ್ಲೆಂಡಿಗೆ ಹೋದರು. ಮರುವರ್ಷ ಮೂವರೂ ತೇರ್ಗಡೆಯಾದರು. ಆದರೆ ಸುರೇಂದ್ರನಾಥರ ಹೆಸರು ಪಟ್ಟಿಯಿಂದ ಹೊರಬಿದ್ದಿತು. ಕಾರಣವು ನಮ್ಮವರಿಗೆ ನಗೆ ತರಿಸುವಂತಹುದು. ಹಿಂದೆ ಪ್ರವೇಶಪರೀಕ್ಷೆಗೆ ಕುಳಿತಾಗ ಅವರ ವಯಸ್ಸನ್ನು ಹದಿನಾರೆಂದು ಬರೆಸಿದ್ದರು. ನಮ್ಮ ದೇಶದ ಲೆಕ್ಕದಲ್ಲಿ ಹದಿನಾರೆಂದರೆ ಹದಿನಾರನೆಯ ವರ್ಷ ನಡೆಯುತ್ತಿದೆಯೆಂದು ಅರ್ಥ. ಇಂಗ್ಲಿಷರು ಅದನ್ನು ಹದಿನಾರು ತುಂಬಿತೆಂದು ಎಣಿಸಿ, ಈತನು ಇಪ್ಪತ್ತೊಂದರ ಮಿತಿಯನ್ನು ದಾಟಿದವನೆಂದು ತೀರ್ಮಾನಿಸಿದರು. ತರುಣನು ಲಂಡನ್ನಿನ ಕ್ವೀನ್ಸ್ ಬೆಂಚ್ ನ್ಯಾಯಾಸ್ಥಾನದ ಬಾಗಿಲನ್ನು ತಟ್ಟಿದನು. ಅಧಿಕಾರಿಗಳು ಸೋತು, ಹೆಸರನ್ನು ಮತ್ತೆ ಪಟ್ಟಿಯಲ್ಲಿ ಸೇರಿಸಿದರು. ಅನ್ಯಾಯಕ್ಕೆ ಮದ್ದು ಇಂಗ್ಲಿಷರ ಕಾನೂನಿನಲ್ಲಿಯೇ ಉಂಟೆಂಬ ನಂಬಿಕೆ ಅಂದು ಬೇರೂರಿತು. ಸಾಯುವವರೆಗೂ ಅದು ಅವರನ್ನು ಬಿಡಲಿಲ್ಲ.

ಆ ನಂಬಿಕೆಗೆ ಬೇಗನೆ ಪೆಟ್ಟು ಬಿದ್ದಿತು. 1871ರಲ್ಲಿ ಸಿಲ್ಹೆಟ್ಟಿನಲ್ಲಿ ಅಸಿಸ್ಟೆಂಟ್ ಮ್ಯಾಜಿಸ್ಟ್ರೇಟರಾಗಿ ನಿಯಮಿತರಾದ ಅವರು, ಒಂದು ಕಳವಿನ ಮೊಕದ್ದಮೆಯಲ್ಲಿ ಓಡಿಹೋಗದಿದ್ದ ಆಪಾದಿತನೊಬ್ಬನ ಹೆಸರನ್ನು ಪರಾರಿಯಾದವರ ಪಟ್ಟಿಯಲ್ಲಿ ಸೇರಿಸುವ ಕಾಗದಕ್ಕೆ ರುಜು ಹಾಕಿದ್ದರು. ಕೆಲಸದ ಒತ್ತಡದಲ್ಲಿ, ಗುಮಾಸ್ತರು ಮುಂದಿಟ್ಟ ಕಾಗದದ ಮೇಲೆ ಹಾಕಿದ ರುಜುವೆಂಬುದು ಅವರ ಸಮಾಧಾನ. ತಪ್ಪು ತಪ್ಪೇ, ಆದರೆ ಎಚ್ಚರಿಕೆಯ ಮಾತಿನಿಂದ ಮುಗಿಯಬಹುದಾಗಿದ್ದ ಅಪರಾಧಕ್ಕೆ, ವಿಚಾರಣಾಮಂಡಲಿಯ ವರದಿಯ ಮೇಲೆ, 1874ರಲ್ಲಿ ಅವರನ್ನು ಕೆಲಸದಿಂದಲೇ ತೆಗೆದುಹಾಕಲಾಯಿತು. ತಿಂಗಳಿಗೆ 50 ರೂಪಾಯಿ ವಿಶ್ರಾಂತಿವೇತನವನ್ನು ಕರುಣೆಯಿಂದ ಗೊತ್ತುಮಾಡಿದರು. ಪುನಃ ಇಂಗ್ಲೆಂಡಿಗೆ ಹೋಗಿ ಮಾಡಿಕೊಂಡ ಮನವಿಯು ನಿಷ್ಫಲವಾಯಿತು; ಕೆಲಸದಿಂದ ವಜಾ ಆದವರೆಂಬ ಕಾರಣದಿಂದ ಬ್ಯಾರಿಸ್ಟರ್ ವೃತ್ತಿಯ ದಾರಿಯೂ ಮುಚ್ಚಿತು. ಎಲ್ಲ ಬಾಗಿಲುಗಳೂ ಮುಚ್ಚಿ ಹಿಂದಿರುಗಿದವರನ್ನು ಕೈಹಿಡಿದು ತಮ್ಮ ಮೆಟ್ರೊಪಾಲಿಟನ್ ವಿದ್ಯಾಶಾಲೆಯಲ್ಲಿ ಇಂಗ್ಲಿಷ್ ಅಧ್ಯಾಪಕರನ್ನಾಗಿ ಮಾಡಿದವರು ಈಶ್ವರಚಂದ್ರ ವಿದ್ಯಾಸಾಗರರು. ಸುರೇಂದ್ರನಾಥರು ಅಂದಿನಿಂದ ಬಹುಕಾಲ ಅಧ್ಯಾಪಕರಾಗಿಯೇ ಉಳಿದರೆಂಬುದನ್ನು ಮರೆಯಬಾರದು. ಅವರು ಬೆಳೆಸಿದ ರಿಪನ್ ಕಾಲೇಜು ಅನಂತರ ಅವರ ಹೆಸರನ್ನೇ ತಳೆಯಿತು. ಪತ್ರಿಕೆಯಲ್ಲಿ ಅವರು ಬರೆದ ಗದ್ಯದಲ್ಲಿಯೂ ಪಾಠ ಹೇಳುವವನ ಧಾಟಿಯೇ ಹೆಚ್ಚು. ಒಂದೇ ಮಾತನ್ನು ಮೂರು ಬಗೆಯಾಗಿ ಹೇಳುವ ಚಾಪಲ್ಯವು ಅಲ್ಲಿಂದಲೇ ಬಂದಿರಬೇಕು.

1876ರ ಜುಲೈ 26ರಂದು ಆನಂದಮೋಹನ ಬೋಸರೊಡನೆ ಇಂಡಿಯನ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅಂದೇ ಅವರ ಮಗನು ತೀರಿಕೊಂಡಿದ್ದನು; ಸಂಜೆ ಅವರು ಸಭೆಗೆ ಬಂದು ಮಾತನಾಡಿದರು. ಅದೇ ಕಾಲದಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆಯ ವಯೋಮಿತಿಯನ್ನು ಇಪ್ಪತ್ತೊಂದರಿಂದ ಹತ್ತೊಂಬತ್ತಕ್ಕೆ ಇಳಿಸಿದುದರಿಂದ, 1877ರಲ್ಲಿ ಉತ್ತರದ ಪ್ರಾಂತಗಳಲ್ಲಿಯೂ ಮರುವರ್ಷ ಮುಂಬಯಿ ಮದರಾಸುಗಳಲ್ಲಿಯೂ ಸಂಚರಿಸಿ ಪ್ರತಿಭಟನೆಯ ಸಭೆಗಳನ್ನು ಕೂಡಿಸಿದರು. ಒಂದೇ ಕೋರಿಕೆಗಾಗಿ ಲಾಹೋರಿನವರೂ ಮದರಾಸಿನವರೂ ದನಿಗೂಡಿಸಬಲ್ಲರೆಂಬುದು ಆಗ ಹೊಸ ಸಂಗತಿ.

ವಾಣಿಗೆ ಪತ್ರಿಕೆ ಬೇಕಾಯಿತು. ಗಿರೀಶಚಂದ್ರ ಘೋಷರು 1862ರಲ್ಲಿ ಪ್ರಾರಂಭಿಸಿದ್ದ ‘ಬೆಂಗಾಲಿ’ ಎಂಬ ಇಂಗ್ಲಿಷ್ ವಾರಪತ್ರಿಕೆಯು ಆಗ ಕ್ಷೀಣದಶೆಯಲ್ಲಿತ್ತು. 1879ರ ಆರಂಭದಲ್ಲಿ ಸುರೇಂದ್ರನಾಥರು ಅದನ್ನು ವಹಿಸಿಕೊಂಡರು. ಹಿಂದಿನ ಒಡೆಯರು ಹಣವನ್ನೇ ಬಯಸಲಿಲ್ಲವಾದರೂ, ಪ್ರತಿಫಲವಿಲ್ಲದ ಕ್ರಯವು ಕಾನೂನಿನಲ್ಲಿ ನಿಲ್ಲದೆಂದು 10 ರೂಪಾಯಿಗಳನ್ನು ಗೊತ್ತುಮಾಡಿದರು. ಭಾಷೆಯ ವಿಷಯವನ್ನು ಇಲ್ಲಿ ಸ್ವಲ್ಪ ಆಲೋಚಿಸಬೇಕು. ಅದಕ್ಕೆ ಹಿಂದಿನ ವರ್ಷವಷ್ಟೇ, 1878ರಲ್ಲಿ, ಲಿಟ್ಟನ್ ಪ್ರಭುಗಳು ದೇಶಭಾಷಾ ಪತ್ರಿಕೆಗಳ ಕಾಯಿದೆಯನ್ನು ತಂದಿದ್ದರು. ದೇಶಭಾಷೆಯ ಪತ್ರಿಕೆಯ ಮುದ್ರಕನಿಂದ ಮುಚ್ಚಳಿಕೆಯನ್ನೂ ಠೇವಣಿಯನ್ನೂ ಕೇಳುವ, ತಪ್ಪಿದರೆ ಮುದ್ರಣಯಂತ್ರವನ್ನೇ ವಶಪಡಿಸಿಕೊಳ್ಳುವ ಅಧಿಕಾರವು ಅದರಲ್ಲಿತ್ತು; ಇಂಗ್ಲಿಷ್ ಪತ್ರಿಕೆಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ‘ಅಮೃತ ಬಜಾರ್ ಪತ್ರಿಕೆ’ಯು ಈ ಬಲೆಯಿಂದ ತಪ್ಪಿಸಿಕೊಳ್ಳಲು ಬಂಗಾಳಿಯನ್ನು ಬಿಟ್ಟು ಇಂಗ್ಲಿಷಿಗೆ ತಿರುಗಿತು. ಸುರೇಂದ್ರನಾಥರಾದರೋ ಮೊದಲಿನಿಂದಲೂ ಇಂಗ್ಲಿಷಿನಲ್ಲಿಯೇ ಯೋಚಿಸಿದವರು. ಅವರ ಪತ್ರಿಕೆಯು ಒಂದು ಕಣ್ಣನ್ನು ಕಲ್ಕತ್ತೆಯ ವಕೀಲರ ಮೇಲೂ ಅಧ್ಯಾಪಕರ ಮೇಲೂ ಇರಿಸಿ, ಇನ್ನೊಂದನ್ನು ವೆಸ್ಟ್‌ಮಿನ್‌ಸ್ಟರಿನ ಮೇಲೆ ಇರಿಸಿತ್ತು. ಇದರಿಂದ ಲಾಭವೂ ಇತ್ತು. ಲಾಹೋರು ಮದರಾಸುಗಳಲ್ಲಿ ಬಂಗಾಳಿ ಪತ್ರಿಕೆಯನ್ನು ಯಾರು ಓದಬಲ್ಲರು? ಕನ್ನಡಿಗರಿಗೆ ವಂಗದೇಶದ ಕಾದಂಬರಿಯು ಬಿ. ವೆಂಕಟಾಚಾರ್ಯರ ಭಾಷಾಂತರಗಳಿಂದ ಕನ್ನಡವಾಗಿ ದೊರೆಯಿತು. ವಂಗದೇಶದ ರಾಜಕೀಯವು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಬಂದಿತು. ಆದರೆ ತನ್ನ ಊರಿನ ವರ್ತಕನಿಗೂ ರೈತನಿಗೂ ಅರ್ಥವಾಗದ ಭಾಷೆಯಲ್ಲಿ ಜನರ ಪರವಾಗಿ ಬರೆಯುವ ಸಂಪಾದಕನು, ಆ ಜನರು ತಾವೇ ಮಾತನಾಡತೊಡಗಿದ ದಿನ ಏನಾಗುವನೆಂಬ ಪ್ರಶ್ನೆಯು ಅಂದೇ ಹುಟ್ಟಿಕೊಂಡಿತ್ತು.

1883ರ ಮೊಕದ್ದಮೆಯು ಅವರ ಕೀರ್ತಿಯ ತಳಹದಿ. ಹೈಕೋರ್ಟಿನ ನ್ಯಾಯಾಧೀಶ ನಾರಿಸ್ ಎಂಬವರು ಒಂದು ವ್ಯಾಜ್ಯದಲ್ಲಿ ಸಾಲಗ್ರಾಮವನ್ನು ನ್ಯಾಯಾಸ್ಥಾನಕ್ಕೆ ತರಿಸಿದರೆಂದು ‘ಬ್ರಾಹ್ಮೊ ಪಬ್ಲಿಕ್ ಒಪಿನಿಯನ್’ ಪತ್ರಿಕೆಯು ವರದಿ ಮಾಡಿತು. ಅದನ್ನು ನಂಬಿ ಏಪ್ರಿಲ್ ತಿಂಗಳ ಕೊನೆಯಲ್ಲಿ ‘ಬೆಂಗಾಲಿ’ಯು ಕಟುವಾದ ಲೇಖನವನ್ನು ಪ್ರಕಟಿಸಿ, ಆ ನ್ಯಾಯಾಧೀಶರನ್ನು ಇಂಗ್ಲೆಂಡಿನ ಚರಿತ್ರೆಯಲ್ಲಿ ಕುಪ್ರಸಿದ್ಧರಾದ ಜೆಫ್ರೀಸ್, ಸ್ಕ್ರಾಗ್ಸ್ ಎಂಬವರಿಗೆ ಹೋಲಿಸಿತು. ಉಭಯಪಕ್ಷದವರ ಒಪ್ಪಿಗೆಯಿಂದಲೇ ವಿಗ್ರಹವನ್ನು ತರಿಸಿದ್ದರೆಂಬುದು ಆಮೇಲೆ ಹೊರಬಿದ್ದಿತು. ಸುರೇಂದ್ರನಾಥರು ನ್ಯಾಯಾಸ್ಥಾನದ ಮುಂದೆ ಕ್ಷಮೆ ಕೇಳಿದರು. ಈ ಕ್ಷಮಾಪಣೆಯನ್ನು ಹೊಗಳಿಕೆಯ ಚರಿತ್ರೆಗಳು ಮೆಲ್ಲನೆ ದಾಟಿಬಿಡುತ್ತವೆ. ವಸ್ತುತಃ ಸಂಪಾದಕರ ಶೀಲವು ವ್ಯಕ್ತವಾಗುವುದು ಅಲ್ಲಿಯೇ. ಸಂಗತಿಯು ತಪ್ಪಾಗಿದ್ದರೆ ಹಿಂತೆಗೆದುಕೊಳ್ಳುವುದು ಪತ್ರಿಕೆಯ ಧರ್ಮವೆಂದು ಅವರು ಬಗೆದರು. ಆದರೂ ಐವರು ನ್ಯಾಯಾಧೀಶರ ಪೀಠವು ಎರಡು ತಿಂಗಳ ಕಾರಾಗೃಹವಾಸವನ್ನು ವಿಧಿಸಿತು. ಪೀಠದಲ್ಲಿದ್ದ ಏಕಮಾತ್ರ ಭಾರತೀಯರಾದ ರಮೇಶಚಂದ್ರ ಮಿತ್ರರು, ಜುಲ್ಮಾನೆಯೇ ಸಾಕೆಂದು ಭಿನ್ನಾಭಿಪ್ರಾಯವನ್ನು ಕೊಟ್ಟರು. ಯೂರೋಪಿಯನ್ನರನ್ನು ಭಾರತೀಯ ಮ್ಯಾಜಿಸ್ಟ್ರೇಟರು ವಿಚಾರಿಸಬಹುದೆಂಬ ಇಲ್ಬರ್ಟ್ ಮಸೂದೆಯ ಗದ್ದಲದಿಂದ ಎರಡು ಜನಾಂಗಗಳ ಮನಸ್ಸೂ ಕುದಿಯುತ್ತಿದ್ದ ಕಾಲವದು. ವಿದ್ಯಾರ್ಥಿಗಳು ಬೀದಿಗಿಳಿದರು, ಮುಂದೆ ವಿಶ್ವವಿದ್ಯಾನಿಲಯವನ್ನು ಆಳಿದ ಆಶುತೋಷ ಮುಖರ್ಜಿಯವರೂ ಅವರಲ್ಲಿ ಒಬ್ಬರು. ಜುಲೈ ತಿಂಗಳಲ್ಲಿ ಸೆರೆಯಿಂದ ಹೊರಬಂದ ಸಂಪಾದಕರು ವಂಗದೇಶದ ನಾಯಕರಾಗಿದ್ದರು. ತಪ್ಪಾದ ವರದಿಯ ಮೇಲೆ ಬರೆದ ಲೇಖನವೊಂದು ಇಷ್ಟು ದೊಡ್ಡ ಪದವಿಯನ್ನು ತಂದಿತೆಂಬುದು ವಿಚಿತ್ರವಾದರೂ ನಿಜ.

ಅನಂತರದ ಇಪ್ಪತ್ತು ವರ್ಷಗಳ ಕಥೆಯನ್ನು ಬೆಳೆಸಬೇಕಾಗಿಲ್ಲ. ಅವರು 1895ರಲ್ಲಿ ಪುಣೆಯಲ್ಲಿಯೂ 1902ರಲ್ಲಿ ಅಹಮದಾಬಾದಿನಲ್ಲಿಯೂ ಕಾಂಗ್ರೆಸಿನ ಅಧ್ಯಕ್ಷರಾದರು. ವಂಗದೇಶದ ಶಾಸನಸಭೆಯಲ್ಲಿ ಕುಳಿತರು. 1900ರಲ್ಲಿ ‘ಬೆಂಗಾಲಿ’ಯನ್ನು ದಿನಪತ್ರಿಕೆಯನ್ನಾಗಿ ಮಾಡಿದರು. ಒಂದು ಸಂಗತಿಯನ್ನು ಮಾತ್ರ ಜ್ಞಾಪಕದಲ್ಲಿಡಬೇಕು. ಕಲ್ಕತ್ತೆಯ ಪುರಸಭೆಯಲ್ಲಿ ಅವರು 1876ರಿಂದ ಸದಸ್ಯರು. 1899ರ ಕಾಯಿದೆಯು ಚುನಾಯಿತ ಸದಸ್ಯರ ಸಂಖ್ಯೆಯನ್ನು 50ರಿಂದ 25ಕ್ಕೆ ಇಳಿಸಿ, ಪುರಸಭೆಯನ್ನು ಅಧಿಕಾರಿಗಳ ಕೈಗೊಂಬೆಯನ್ನಾಗಿ ಮಾಡಿದಾಗ, ಅವರನ್ನೂ ಒಳಗೊಂಡು 28 ಮಂದಿ ಸದಸ್ಯರು ರಾಜೀನಾಮೆಯನ್ನಿತ್ತು ಹೊರಬಂದರು.

1905ರಲ್ಲಿ ಕರ್ಜನ್ ಪ್ರಭುಗಳು ವಂಗದೇಶವನ್ನು ಎರಡಾಗಿ ಒಡೆದರು. ಬಹಿಷ್ಕಾರದ ಸೂಚನೆಯನ್ನು ಮೊದಲು ಮುಂದಿಟ್ಟವುಗಳಲ್ಲಿ ಕೃಷ್ಣಕುಮಾರ ಮಿತ್ರರ ‘ಸಂಜೀವನಿ’ ಎಂಬ ಬಂಗಾಳಿ ಪತ್ರಿಕೆ ಪ್ರಮುಖವಾದುದು. ಆಗಸ್ಟ್ 7ರಂದು ಟೌನ್‌ಹಾಲಿನ ಮಹಾಸಭೆಯಲ್ಲಿ ಅದು ನಿರ್ಣಯವಾಯಿತು. ಸುರೇಂದ್ರನಾಥರು ಚಳವಳಿಯ ಮುಂದಾಳುಗಳಾದರು; ಮರುವರ್ಷ ಬಾರಿಸಾಲಿನಲ್ಲಿ ಬಂಧನಕ್ಕೊಳಗಾಗಿ ಜುಲ್ಮಾನೆಯನ್ನು ತೆತ್ತರು. ಆದರೆ ವಿಭಜನೆ ಜಾರಿಗೆ ಬಂದ ಅಕ್ಟೋಬರ್ 16ರ ಒಂದು ದೃಶ್ಯವು ಎಲ್ಲವನ್ನೂ ಹೇಳುತ್ತದೆ. ಫೆಡರೇಷನ್ ಹಾಲಿನ ಅಸ್ತಿಭಾರದ ಸಭೆಗೆ ಮರಣೋನ್ಮುಖರಾಗಿದ್ದ ಆನಂದಮೋಹನ ಬೋಸರನ್ನು ಕುರ್ಚಿಯಲ್ಲಿ ಹೊತ್ತು ತಂದಿದ್ದರು. ಅವರ ಇಂಗ್ಲಿಷ್ ಭಾಷಣವನ್ನು ಓದಿದವರು ಸುರೇಂದ್ರನಾಥರು. ಪ್ರತಿಜ್ಞೆಯನ್ನು ಬಂಗಾಳಿಯಲ್ಲಿ ಓದಿದವರು ರವೀಂದ್ರನಾಥ ಠಾಕೂರರು. ಜನರ ಹೃದಯವು ಯಾವ ಭಾಷೆಯ ಕಡೆಗೆ ವಾಲುತ್ತಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ‘ಸಂಧ್ಯಾ’, ‘ಯುಗಾಂತರ’ ಮೊದಲಾದ ಬಂಗಾಳಿ ಪತ್ರಿಕೆಗಳು ಆಡುಮಾತಿನಲ್ಲಿಯೂ ಬೆಂಕಿಯ ಮಾತಿನಲ್ಲಿಯೂ ಬರೆಯತೊಡಗಿದವು. ‘ಬೆಂಗಾಲಿ’ಯ ಗಂಭೀರ ವಾಕ್ಯಗಳು ಅವುಗಳ ಪಕ್ಕದಲ್ಲಿ ಅರ್ಜಿಯಂತೆ ಕಂಡುವು. ಬಹಿಷ್ಕಾರವು ಸುರೇಂದ್ರನಾಥರಿಗೆ ಒಂದು ಅನ್ಯಾಯವನ್ನು ತೊಲಗಿಸುವ ಉಪಾಯವಾಗಿತ್ತು. ಹೊಸ ತಲೆಮಾರಿನವರಿಗೆ ಅದು ಆಳ್ವಿಕೆಯನ್ನೇ ತೊಲಗಿಸುವ ಮೊದಲ ಮೆಟ್ಟಿಲು. 1911ರಲ್ಲಿ ವಿಭಜನೆ ರದ್ದಾದಾಗ ಅವರ ಪಾಲಿಗೆ ಕಾನೂನಿನ ದಾರಿಯೇ ಗೆದ್ದಿತು.

ಹೀಗಿರುವಲ್ಲಿ, ಮಾಂಟೆಗು-ಚೆಲ್ಮ್‌ಸ್‌ಫರ್ಡ್ ಸುಧಾರಣೆಗಳನ್ನು ಅವರು ಸ್ವಾಗತಿಸಿದುದು ದ್ರೋಹವೇ? ನಾಲ್ವತ್ತು ವರ್ಷಗಳಿಂದ ಪತ್ರಿಕೆಯಲ್ಲಿ ಬೇಡುತ್ತ ಬಂದುದರಲ್ಲಿ ಒಂದು ಭಾಗವು ಕೈಗೆ ಬಂದಾಗ ಅದನ್ನು ಒಲ್ಲೆನೆನ್ನಲು ಅವರ ಮನಸ್ಸು ಒಪ್ಪಲಿಲ್ಲ. 1918ರಲ್ಲಿ ಕಾಂಗ್ರೆಸಿನಿಂದ ಬೇರೆಯಾಗಿ ಮುಂಬಯಿಯಲ್ಲಿ ಕೂಡಿದ ಮಿತವಾದಿಗಳ ಪರಿಷತ್ತಿಗೆ ಅಧ್ಯಕ್ಷರಾದರು. 1921ರಲ್ಲಿ ಸ್ಥಳಿಕ ಸ್ವರಾಜ್ಯ ಮತ್ತು ಆರೋಗ್ಯ ಶಾಖೆಗಳ ಮಂತ್ರಿಗಳಾದರು. ಅಸಹಕಾರದ ಕಾವು ಏರಿದ್ದ ಆ ದಿನಗಳಲ್ಲಿ ಮಂತ್ರಿಗಳ 64,000 ರೂಪಾಯಿ ವಾರ್ಷಿಕ ಸಂಬಳವು ಜನರ ಬಾಯಲ್ಲಿ ಬೈಗುಳವಾಯಿತು. ಸಂಬಳದ ಮಾತು ಹಾಗಿರಲಿ. ಅವರು ಮಾಡಿದ ಕೆಲಸವನ್ನು ನೋಡಬೇಕು. 1923ರ ಕಲ್ಕತ್ತಾ ಪುರಸಭೆಯ ಕಾಯಿದೆಯು 1899ರ ರಾಜೀನಾಮೆಗೆ ಅವರು ಕೊಟ್ಟ ಉತ್ತರವಾಗಿತ್ತು. ಸದಸ್ಯರಲ್ಲಿ ಬಹುಭಾಗವು ಚುನಾಯಿತರು, ಹೆಂಗಸರಿಗೂ ಮತ, ಸದಸ್ಯರೇ ಆರಿಸುವ ಮೇಯರು, ಪುರಸಭೆಗೆ ಅಧೀನನಾದ ಮುಖ್ಯ ಕಾರ್ಯನಿರ್ವಾಹಕ, ಇವೆಲ್ಲವೂ ಅದರಲ್ಲಿದ್ದುವು. ಮುಸಲ್ಮಾನರಿಗೆ ಪ್ರತ್ಯೇಕ ಚುನಾವಣೆಯನ್ನು ಕೆಲವು ವರ್ಷಗಳ ಮಟ್ಟಿಗೆ ಒಪ್ಪಬೇಕಾಗಿ ಬಂದುದು ಅವರ ಮನಸ್ಸಿಗೆ ವಿರುದ್ಧವಾಗಿತ್ತು. ಒಪ್ಪದಿದ್ದರೆ ಮಸೂದೆಯೇ ಉಳಿಯುತ್ತಿರಲಿಲ್ಲ. ಇದು ಪತ್ರಿಕೆಯ ಅಂಕಣದಲ್ಲಿ ಎದುರಾಗದ ಬಗೆಯ ಸಂಕಟ.

ಅದೇ 1923ರ ಕೊನೆಯಲ್ಲಿ ನಡೆದ ಚುನಾವಣೆಯಲ್ಲಿ, ರಾಜಕೀಯಕ್ಕೆ ಹೊಸಬರಾದ ವೈದ್ಯ ವಿಧಾನಚಂದ್ರ ರಾಯರು ಅವರನ್ನು ಸೋಲಿಸಿದರು. ಚಿತ್ತರಂಜನ ದಾಸರ ಸ್ವರಾಜ್ಯಪಕ್ಷದ ಬೆಂಬಲವು ರಾಯರಿಗೆ ಇದ್ದಿತು. ಮರುವರ್ಷ ಸುರೇಂದ್ರನಾಥರ ಕಾಯಿದೆಯ ಪ್ರಕಾರ ಪುರಸಭೆಗೆ ಚುನಾವಣೆ ನಡೆಯಿತು. ಆ ಕಾಯಿದೆ ಸೃಷ್ಟಿಸಿದ ಮೇಯರ್ ಪೀಠದಲ್ಲಿ ಮೊದಲು ಕುಳಿತವರು ದಾಸರು; ಮುಖ್ಯ ಕಾರ್ಯನಿರ್ವಾಹಕರಾದವರು ಸುಭಾಷಚಂದ್ರ ಬೋಸರು. ಸಂಪಾದಕರನ್ನು ಸೋಲಿಸಿದವರಿಗೆ ಅಧಿಕಾರವು ದೊರೆತದ್ದು ಸಂಪಾದಕರು ಬರೆಸಿದ ಶಾಸನದಿಂದ.

ಬಾರಕ್‌ಪುರದ ಮನೆಯಲ್ಲಿ ಅವರು ಇಂಗ್ಲಿಷಿನಲ್ಲಿಯೇ ತಮ್ಮ ಆತ್ಮಕಥೆಯನ್ನು ಮುಗಿಸಿದರು. ‘ಎ ನೇಷನ್ ಇನ್ ಮೇಕಿಂಗ್’ ಎಂಬ ಹೆಸರಿನಿಂದ ಅದು 1925ರಲ್ಲಿ ಪ್ರಕಟವಾಯಿತು. ಸಿಲ್ಹೆಟ್ಟಿನ ಪ್ರಕರಣ, ಸಾಲಗ್ರಾಮದ ಮೊಕದ್ದಮೆ, ಪುರಸಭೆಯ ಕಾಯಿದೆ, ಇವುಗಳನ್ನು ಅವರು ಅಲ್ಲಿ ಒಂದೇ ದನಿಯಲ್ಲಿ ವಾದಿಸುತ್ತಾರೆ. ಅದೇ ವರ್ಷದ ಆಗಸ್ಟ್ 6ರಂದು ಅವರು ತೀರಿಕೊಂಡರು. ಅವರ ಪುರಸಭಾ ಕಾಯಿದೆಯು ದೇಶವು ಸ್ವತಂತ್ರವಾದ ಮೇಲೂ ಕೆಲಕಾಲ ನಡೆದು, 1951ರ ಹೊಸ ಕಾಯಿದೆಗೆ ಎಡೆಕೊಟ್ಟಿತು. ಆಗ ಪಶ್ಚಿಮ ವಂಗದ ಮುಖ್ಯಮಂತ್ರಿಗಳಾಗಿದ್ದವರು ಅದೇ ವಿಧಾನಚಂದ್ರ ರಾಯರು.